ನಡುಕ ನುಂಗುವ ರಬ್ಬರು

ಮಗಳ ಕೈಯಿಂದ ಊಟದ ತಟ್ಟೆ ಜಾರಿ ಬಿದ್ದದ್ದು ಒಂದು ಸೋಮವಾರ ರಾತ್ರಿ. ಬಿದ್ದದ್ದು ದೊಡ್ಡ ವಿಷಯವಲ್ಲ. ಆ ಮನೆಯಲ್ಲಿ ಪಾತ್ರೆ ಬೀಳುವುದು, ಅದಕ್ಕೆ ಅತ್ತೆ ಒಂದು ಮಾತು ಅನ್ನುವುದು, ಸೊಸೆ ಅದಕ್ಕೆ ಎರಡು ಸೇರಿಸಿ ತಿರುಗಿಸುವುದು ವಾರಕ್ಕೆ ನಾಲ್ಕು ಸಲವಾದರೂ ನಡೆಯುತ್ತಿತ್ತು. ಆದರೆ ಅವತ್ತು ಮಗಳು ಬಿದ್ದ ತಟ್ಟೆಯನ್ನು ನೋಡಲಿಲ್ಲ, ತನ್ನ ಬಲಗೈಯನ್ನು ನೋಡಿಕೊಂಡಳು. ಆಮೇಲೆ ಆ ಕೈಯನ್ನು ಮೆಲ್ಲಗೆ ಮೇಜಿನ ಕೆಳಗೆ ಇಳಿಸಿದಳು. ತಾಯಿ ಅದನ್ನು ಕಂಡಳು.

ಈ ತಾಯಿಯನ್ನು ಬೀದಿಯವರೆಲ್ಲ ಟೈಲರಮ್ಮ ಎಂದೇ ಕರೆಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆ ಮಕ್ಕಳ ಸಮವಸ್ತ್ರ, ಚೀಲ ಹೊಲಿಯುವವಳು. ಗಂಡನಿಗೆ ಬ್ರೆಡ್ ಕಾರ್ಖಾನೆಯಲ್ಲಿ ಬೆಳಗಿನ ಪಾಳಿ. ಮಧ್ಯಾಹ್ನ ಮನೆಗೆ ಬರುವಾಗ ಅವನ ಹುಬ್ಬಿನ ಮೇಲೂ ಹಿಟ್ಟು ಕೂತಿರುತ್ತಿತ್ತು. ಅತ್ತೆಗೆ ಎಪ್ಪತ್ತೊಂದು ವಯಸ್ಸು. ರಬ್ಬರ್ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಅಚ್ಚಿನ ಯಂತ್ರದ ಮುಂದೆ ನಿಂತು, ನಡುಕ ತಡೆಯಲು ಇಂಜಿನ್ನಿನ ಅಡಿಗೆ ಕೂರಿಸುವ ದಪ್ಪ ರಬ್ಬರ್ ಬಿಲ್ಲೆಗಳನ್ನು, ಅಂದರೆ ಬುಷ್‌ಗಳನ್ನು ಒತ್ತಿದ ಹೆಂಗಸು. ಇನ್ನು ಮಗಳು. ಮದುವೆಯ ವಯಸ್ಸಾದರೂ ಮನೆಯಲ್ಲಿ ಪುಟ್ಟಿಯೇ. ಅವಳು ಆಸ್ಪತ್ರೆಯ ಡರ್ಟ್ ಬೈಕ್ ಓಡಿಸುತ್ತಿದ್ದಳು. ಗುಡ್ಡದ ಮೇಲಿನ ಎಂಟು ಹಳ್ಳಿಗಳಿಗೆ ಔಷಧಿ ಒಯ್ಯುವುದು, ಅಲ್ಲಿಂದ ರೋಗಿಗಳ ರಕ್ತದ ಸೀಸೆಗಳನ್ನು ತಂಪು ಪೆಟ್ಟಿಗೆಯಲ್ಲಿಟ್ಟು ಕೆಳಗೆ ತರುವುದು ಅವಳ ಕೆಲಸ. ಕಾರು ಏರದ ದಾರಿ ಅದು. ಬರೀ ಕಲ್ಲು, ಕೊರಕಲು, ಮರದ ಬೇರು.

"ಏನೇ ಪುಟ್ಟಿ, ಕೈಗೆ ಎಣ್ಣೆ ಹಚ್ಕೊಂಡಿದ್ದೀಯಾ?" ಎಂದಳು ಅಜ್ಜಿ.

"ಬೆವರು ಅಜ್ಜಿ," ಎಂದು ಪುಟ್ಟಿ ಎಡಗೈಯಲ್ಲೇ ನೆಲ ಬಳಿದು ಎದ್ದಳು.

ಮರುದಿನ ಬೆಳಿಗ್ಗೆ ಟೈಲರಮ್ಮ ಬಾಗಿಲ ಸಂದಿಯಿಂದ ನೋಡಿದಳು. ಮಗಳು ಹೆಲ್ಮೆಟ್ಟಿನ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದಳು.

"ಕೈಗೇನಾಗಿದೆ?"

"ಏನೂ ಇಲ್ಲ."

"ಏನೂ ಆಗದವರು ಹಲ್ಲಲ್ಲಿ ಪಟ್ಟಿ ಕಟ್ಕೋತಾರಾ?"

ಪುಟ್ಟಿ ನಿಟ್ಟುಸಿರುಬಿಟ್ಟಳು. "ಸ್ವಲ್ಪ ಜೋಮು ಅಮ್ಮ. ಗಾಡಿ ಇಳಿದ ಮೇಲೆ ಬೆರಳು ಬೆಳ್ಳಗಾಗುತ್ತೆ, ಮುಟ್ಟಿದ್ದು ಗೊತ್ತಾಗಲ್ಲ. ಮೊದಲು ಅರ್ಧ ಗಂಟೆಗೆ ಹೋಗ್ತಿತ್ತು. ಈಗ ಬೆಳಗ್ಗೆವರೆಗೂ ಇರುತ್ತೆ."

"ಎಷ್ಟು ದಿನದಿಂದ?"

"ಎರಡು ತಿಂಗಳು. ಕಲ್ಲಿನ ದಾರಿ ನಂಗೆ ಕೊಟ್ಟಾಗಿನಿಂದ."

"ಎರಡು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಲ್ಲೇ! ನಡಿ ಡಾಕ್ಟರ ಹತ್ರ."

"ಯಾವ ಡಾಕ್ಟರು? ನಮ್ಮ ಆಸ್ಪತ್ರೆ ಡಾಕ್ಟರೇ ತಾನೆ? ಚೀಟೀಲಿ ಒಂದಕ್ಷರ ಬರೆದ್ರೆ ಅವತ್ತೇ ಗಾಡಿ ಕೀ ಕಿತ್ಕೋತಾರೆ. ನೀನು ಸುಮ್ನಿರು ಅಮ್ಮ, ನಿನ್ನ ದಮ್ಮಯ್ಯ."

ಗಾಡಿ ಬೀದಿಯ ತಿರುವು ದಾಟುವವರೆಗೂ ಟೈಲರಮ್ಮ ಹೊಸ್ತಿಲಲ್ಲೇ ನಿಂತಿದ್ದಳು. ಅವಳ ಕಣ್ಣ ಮುಂದೆ ಬಂದದ್ದು ತನ್ನ ಅಣ್ಣ. ಅವನಿಗೂ ಹೀಗೆಯೇ, ಬೆರಳ ತುದಿಯ ಜೋಮಿನಿಂದಲೇ ಶುರುವಾದದ್ದು. ಮೂರು ವರ್ಷದಲ್ಲಿ ಚಮಚ ಹಿಡಿಯಲಾರದೆ ಹೋದ. ನಾಲ್ಕನೆಯ ವರ್ಷ ಅವನೇ ಇರಲಿಲ್ಲ. ನರಗಳ ರೋಗ, ಮನೆತನದಲ್ಲಿ ಇಳಿದು ಬರಬಹುದು ಎಂದು ಆಗಿನ ಡಾಕ್ಟರು ಹೇಳಿದ್ದರು. ಆಗ ಪುಟ್ಟಿ ಮೂರು ವರ್ಷದ ಕೂಸು. ಮಾವ ಜ್ವರ ಬಂದು ತೀರಿಕೊಂಡ ಎಂದೇ ಅವಳಿಗೆ ಹೇಳಿ ಬೆಳೆಸಿದ್ದರು.

ಮೂರು ದಿನ ಅವಳು ಹೊಲಿದದ್ದೆಲ್ಲ ಬಿಚ್ಚಿ ಹೊಲಿಯುವಂತಾಯಿತು. ನಾಲ್ಕನೆಯ ದಿನ ಸೀರೆ ಬದಲಿಸಿ, ಯಾರಿಗೂ ಹೇಳದೆ ಆಸ್ಪತ್ರೆಗೆ ಹೋದಳು. ಗಾಡಿಗಳ ಮೇಲ್ವಿಚಾರಕ ಒಬ್ಬ ಸಣಕಲು ಮನುಷ್ಯ. ಹಾಳೆಗಳಿಗೆ ತೂತು ಕೊರೆದು ಫೈಲಿಗೆ ಪೋಣಿಸುತ್ತಾ ಕೂತಿದ್ದ.

"ನನ್ನ ಮಗಳ ಕೈ ಸರಿ ಇಲ್ಲ ಸಾರ್. ಅವಳಿಗೆ ಗಾಡಿ ಕೊಡಬೇಡಿ. ನಾನು ಬಂದು ಹೇಳಿದೆ ಅಂತ ಮಾತ್ರ ದಯವಿಟ್ಟು ಹೇಳಬೇಡಿ."

ಅವನು ತೂತು ಕೊರೆಯುವುದನ್ನು ನಿಲ್ಲಿಸಿದ. "ಒಳ್ಳೇದೇ ಮಾಡಿದ್ರಿ ಅಮ್ಮ," ಎಂದ. ಹೊರಗೆ ಬಂದಾಗ ಟೈಲರಮ್ಮನಿಗೆ ಒಳ್ಳೆಯದು ಮಾಡಿದಂತೆ ಅನ್ನಿಸಲಿಲ್ಲ.

ಮರುದಿನವೇ ಪುಟ್ಟಿಯನ್ನು ಗಾಡಿಯಿಂದ ಇಳಿಸಿ, ಸೀಸೆಗಳಿಗೆ ಚೀಟಿ ಅಂಟಿಸುವ ಮೇಜಿಗೆ ಕೂರಿಸಿದರು. ನರಗಳ ಪರೀಕ್ಷೆಯಾಗಿ, ಸರ್ಟಿಫಿಕೇಟು ಬಂದ ಮೇಲೆಯೇ ಮುಂದಿನ ಮಾತು. ಅವತ್ತು ಅವಳು ಮನೆಗೆ ನಡೆದು ಬಂದಳು. ಹೆಲ್ಮೆಟನ್ನು ಮಂಚದ ಮೇಲೆ ಎಸೆದ ರಭಸಕ್ಕೆ ಅಜ್ಜಿಯ ತೂಕಡಿಕೆ ಹರಿಯಿತು.

"ಯಾರೋ ಹೋಗಿ ಊದಿದ್ದಾರೆ. ನನ್ನ ಜೊತೆ ಗಾಡಿ ಓಡಿಸೋರೇ ಇರಬೇಕು. ಸಿಗಲಿ, ಮಾಡ್ತೀನಿ."

"ಊಟ ಬಿಸಿ ಇದೆ, ಮೊದಲು ತಿನ್ನು," ಎಂದ ಅಪ್ಪ. ಜಗತ್ತಿನ ಯಾವ ಜಗಳವೂ ಬಿಸಿ ಬಡಿಸಿದರೆ ಅರ್ಧ ಇಳಿಯುತ್ತದೆ ಎಂದು ನಂಬಿದ ಮನುಷ್ಯ ಅವನು.

ಟೈಲರಮ್ಮ ತಲೆ ಎತ್ತದೆ ಬೇಳೆ ಬಡಿಸಿದಳು. ಸೌಟು ಪಾತ್ರೆಯ ಅಂಚಿಗೆ ತಾಗಿ ಟಣ್ ಎಂದಿತು. ಅಜ್ಜಿ ಸೊಸೆಯ ಮುಖವನ್ನು ಒಂದು ಗಳಿಗೆ ನೋಡಿ, ಏನೂ ಅನ್ನದೆ ಊಟಕ್ಕೆ ಕೈ ಹಾಕಿದಳು. ಅತ್ತೆ ಏನೂ ಅನ್ನದಿದ್ದರೆ ಎಲ್ಲ ತಿಳಿದಿದೆ ಎಂದೇ ಅರ್ಥ. ಅದು ಸೊಸೆಗೆ ಚೆನ್ನಾಗಿ ಗೊತ್ತಿತ್ತು.

ಪರೀಕ್ಷೆಯಾಯಿತು. ಫಲಿತಾಂಶ ಬರಲು ಹತ್ತು ದಿನ. ಆ ಹತ್ತು ದಿನ ಮನೆಯಲ್ಲಿ ಎಲ್ಲರೂ ಬೆಕ್ಕಿನ ಹೆಜ್ಜೆಯಲ್ಲಿ ಓಡಾಡಿದರು. ಅಪ್ಪ ದಿನಾ ಕಾರ್ಖಾನೆಯಿಂದ ಸಿಹಿ ಬನ್ ತಂದ. ಪುಟ್ಟಿ ಕಿಟಕಿಯಲ್ಲಿ ಕೂತು, ತಿನ್ನದೆ, ಅದನ್ನು ಚೂರು ಚೂರು ಮಾಡಿದಳು. ಅಜ್ಜಿ ದಿನಕ್ಕೆ ಮೂರು ಸಲ ಮೊಮ್ಮಗಳ ಅಂಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಿದ್ದಳು. ಟೈಲರಮ್ಮ ಮಾತ್ರ ಮಗಳ ಕೈ ಮುಟ್ಟಲು ಹೆದರಿದಳು.

ಹನ್ನೊಂದನೆಯ ದಿನ ತಾಯಿ ಮಗಳು ಡಾಕ್ಟರ ಎದುರು ಕೂತರು. ಡಾಕ್ಟರು ವಯಸ್ಸಾದ ಹೆಂಗಸು. ಕಾಗದಗಳನ್ನು ತಿರುವಿ ಹಾಕಿ, ಕನ್ನಡಕ ತೆಗೆದರು.

"ಇದು ಗಾಡಿಯ ನಡುಕದಿಂದ ಆಗಿರೋದು. ದಿನಾ ಆರೇಳು ಗಂಟೆ ಹ್ಯಾಂಡಲ್ ಕೈಯನ್ನ ಅಲ್ಲಾಡಿಸಿ ಅಲ್ಲಾಡಿಸಿ, ಬೆರಳಿನ ರಕ್ತದ ಓಟ ಕುಗ್ಗಿದೆ, ನರ ಸುಸ್ತಾಗಿದೆ. ಬೇಗ ಬಂದಿದ್ದೀರಿ, ವಾಸಿಯಾಗುತ್ತೆ."

"ಬೇರೆ ಏನೂ ಅಲ್ವಾ ಡಾಕ್ಟ್ರೇ?" ಎಂದಳು ಟೈಲರಮ್ಮ. "ನನ್ನಣ್ಣನಿಗೆ..." ಎಂದು ಶುರುಮಾಡಿ ಎಲ್ಲವನ್ನೂ ಹೇಳಿಬಿಟ್ಟಳು.

ಡಾಕ್ಟರು ಪೂರ್ತಿ ಕೇಳಿಸಿಕೊಂಡರು. "ಆ ರೋಗದ ಗುರುತು ಇಲ್ಲಿ ಒಂದೂ ಇಲ್ಲ. ಅದನ್ನೂ ನೋಡೇ ಹೇಳ್ತಿದ್ದೀನಿ. ಮೂರು ವಾರ ಗಾಡಿ ಮುಟ್ಟಬೇಡ. ಆಮೇಲೆ ಓಡಿಸು. ಆದರೆ ಆ ನಡುಕ ಹಾಗೇ ಇದ್ದರೆ ಮತ್ತೆ ಬರುತ್ತೆ, ಎರಡನೇ ಸಲ ಇಷ್ಟು ಸುಲಭಕ್ಕೆ ಹೋಗಲ್ಲ."

ಹೊರಗಿನ ಬೆಂಚಿನ ಮೇಲೆ ಟೈಲರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಎದೆಯ ಮೇಲೆ ಕೂತಿದ್ದ ಕಲ್ಲು ಇಳಿದಿತ್ತು. ಪುಟ್ಟಿ ಪಕ್ಕದಲ್ಲಿ ಕೂತಳು.

"ಮಾವಂದು ಜ್ವರ ಅಲ್ವಾ? ಯಾಕಮ್ಮ ನಂಗೆ ಹೇಳಲಿಲ್ಲ?"

"ಬಾಯಲ್ಲಿ ಆಡಿದ್ರೆ ಎಲ್ಲಿ ನಿಜವಾಗಿಬಿಡುತ್ತೋ ಅಂತ."

ಇನ್ನೊಂದು ಮಾತನ್ನೂ ಅಲ್ಲೇ ಹೇಳಿಬಿಡಬೇಕಿತ್ತು. ನಾಲಿಗೆಯ ತುದಿಗೆ ಬಂದದ್ದನ್ನು ಟೈಲರಮ್ಮ ನುಂಗಿಕೊಂಡಳು.

ವಿಷಯ ಕೇಳಿ ಅಜ್ಜಿ ಎದ್ದು ಕೂತಳು. "ನಡುಕವಾ? ಅಷ್ಟೇನಾ? ಇಪ್ಪತ್ತಾರು ವರ್ಷ ನಾನು ಬೇರೇನು ಮಾಡಿದೆ ಮತ್ತೆ? ನಡುಕವನ್ನ ಏನಾದ್ರೂ ಒಂದು ನುಂಗ್ಲೇಬೇಕು ಕಣೇ. ರಬ್ಬರ್ ನುಂಗದೇ ಇದ್ರೆ ಮೂಳೆ ನುಂಗುತ್ತೆ. ಆ ಗಾಡಿ ಮನೆಗೆ ತಗೊಂಡು ಬಾ."

ಹ್ಯಾಂಡಲ್ ಅಡಿಗೆ ಕೂರಿಸುವ ರಬ್ಬರ್ ಬುಷ್ ಅಂಗಡಿಯಲ್ಲೂ ಸಿಗುತ್ತಿತ್ತು, ಆದರೆ ಆಸ್ಪತ್ರೆಯ ಗಾಡಿ ಹಳೆಯ ಮಾದರಿ. ಅದಕ್ಕೆ ಕೂರುವುದು ಎಲ್ಲೂ ಇರಲಿಲ್ಲ. ಮೇಲ್ವಿಚಾರಕ ಗಾಡಿ ಒಯ್ಯಲು ಒಪ್ಪಿದ. ಏನೇ ಹಾಕಿದರೂ ಆಸ್ಪತ್ರೆಯ ಮೆಕ್ಯಾನಿಕ್ ನೋಡಿ ಸೈ ಅನ್ನಬೇಕು ಎಂದ.

ಮೂರು ವಾರದ ವಿಶ್ರಾಂತಿಯ ನಡುವೆ ಒಂದು ಭಾನುವಾರ ಗಾಡಿ ಅಂಗಳಕ್ಕೆ ಬಂತು. ಅಜ್ಜಿ ಎರಡೂ ಕೈ ಹ್ಯಾಂಡಲ್ ಮೇಲಿಟ್ಟು ಮುಂಭಾಗವನ್ನು ಕೆಳಗೆ ಒತ್ತಿ ಬಿಟ್ಟಳು. ಗಾಡಿ ಎದ್ದಿತು, ಮತ್ತೆ ಕುಗ್ಗಿತು, ಮತ್ತೆ ಎದ್ದಿತು.

"ನೋಡಿದ್ಯಾ? ಒಂದ್ಸಲ ಕೂತು ಎದ್ದು ಸುಮ್ಮನಾಗಬೇಕು. ಇದು ಕುಣೀತಿದೆ. ಮುಂದಿನ ಚಕ್ರ ಹಿಡಿದಿರೋ ಫೋರ್ಕಿನ ಒಳಗಿನ ಎಣ್ಣೆ ನೀರಾಗಿದೆ. ಮೊದಲು ಅದನ್ನ ಬದಲಾಯಿಸಲಿ. ಆಮೇಲೆ ಇಲ್ಲಿ," ಎಂದು ಹ್ಯಾಂಡಲ್ ಕಚ್ಚಿ ಹಿಡಿದಿದ್ದ ಕಬ್ಬಿಣದ ಕ್ಲ್ಯಾಂಪನ್ನು ಉಗುರಿನಿಂದ ಬಡಿದಳು. "ಕಬ್ಬಿಣದ ಮೇಲೆ ಕಬ್ಬಿಣ. ನಡುವೆ ಒಂದು ಎಳೆ ರಬ್ಬರ್ ಇಲ್ಲ. ಚಕ್ರ ಹೇಳಿದ್ದೆಲ್ಲ ನೇರ ಕೈಗೆ."

ಅವಳ ಜೊತೆ ಕೆಲಸ ಮಾಡಿದ್ದ ಫೋರ್‌ಮನ್ ಈಗ ಸ್ವಂತದ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದ. ಅಜ್ಜಿ ಬುಷ್ ಒತ್ತಲು ಅಲ್ಲಿಗೆ ದಿನಾ ಹೋಗತೊಡಗಿದಳು. ರಬ್ಬರಿನ ತುಣುಕುಗಳು ಅಡುಗೆಮನೆಯ ಕಟ್ಟೆಯ ಮೇಲೆ, ಉಪ್ಪಿನ ಡಬ್ಬಿಯ ಪಕ್ಕದಲ್ಲಿ ಸಾಲಾಗಿ ಕೂತವು.

"ಅತ್ತೆ, ಅನ್ನವೆಲ್ಲ ಟೈರಿನ ವಾಸನೆ ಹೊಡೀತಿದೆ!"

"ಈ ವಾಸನೇಲೇ ನಿನ್ನ ಗಂಡನ್ನ ಸಾಕಿ ದೊಡ್ಡೋನು ಮಾಡಿದ್ದು. ಅವನ ಮೇಲೆ ಇಲ್ಲದ ಮುನಿಸು ರಬ್ಬರ್ ಮೇಲೆ ಯಾಕೆ?"

"ನನ್ನನ್ನ ಯಾಕಮ್ಮ ಎಳೀತೀಯ," ಎಂದು ಗಂಡ ಬನ್ ತಗೊಂಡು ಅಂಗಳಕ್ಕೆ ಜಾರಿದ.

ಮೂರು ವಾರ ಮುಗಿಯಿತು. ಪುಟ್ಟಿಯ ಬೆರಳುಗಳಿಗೆ ಬಣ್ಣ ಮರಳಿತ್ತು. ಫೋರ್ಕಿಗೆ ಹೊಸ ಎಣ್ಣೆ ಬಿತ್ತು, ಕ್ಲ್ಯಾಂಪಿನ ಅಡಿಗೆ ಅಜ್ಜಿಯ ನಾಲ್ಕು ಬುಷ್ ಕೂತವು. ಬೀದಿಯ ಕೊನೆಯ ಖಾಲಿ ಮೈದಾನದಲ್ಲಿ ಪುಟ್ಟಿ ಗಾಡಿ ಓಡಿಸಿ ನೋಡಿದಳು. ಎರಡು ಸುತ್ತು ಬಲು ಸೊಗಸು. ಮೂರನೆಯ ಸುತ್ತಿಗೆ ಕಲ್ಲು ರಾಶಿಯ ಬಳಿ ತಿರುಗಿಸುವಾಗ ಹ್ಯಾಂಡಲ್ ಅತ್ತ ತಿರುಗಿತು, ಚಕ್ರ ಇತ್ತಲೇ ಉಳಿಯಿತು. ಗಾಡಿ ಮಗುಚಿಕೊಂಡಿತು.

ಮೊಣಕೈ ಸಿಪ್ಪೆ ಎದ್ದಿತ್ತು, ಅಷ್ಟೇ. ಆದರೆ ಅವಳನ್ನು ಮನೆಗೆ ಕರೆತಂದು ಗಾಯ ತೊಳೆಯುವಾಗ ಟೈಲರಮ್ಮ ಕೆಂಡವಾಗಿದ್ದಳು.

"ಸಾಕು ಅತ್ತೆ ನಿಮ್ಮ ರಬ್ಬರ್ ಪ್ರತಾಪ! ನನಗಿರೋಳು ಒಬ್ಬಳೇ ಮಗಳು. ನಿಮ್ಮ ಹಳೇ ಚಪಲಕ್ಕೆ ಅವಳ ಕತ್ತು ಮುರೀಬೇಕಿತ್ತಾ?"

"ರಬ್ಬರ್ ತೀರಾ ಮೆತ್ತಗಾಯ್ತು. ತಪ್ಪು ನಂದೇ," ಎಂದಳು ಅಜ್ಜಿ. "ಇನ್ನೊಂದು ಸಲ ಗಟ್ಟಿ ಮಾಡ್ತೀನಿ."

"ಇನ್ನೊಂದು ಸಲ ಇಲ್ಲ! ಅವಳಿನ್ನು ಗಾಡಿ ಹತ್ತಲ್ಲ."

ಅಜ್ಜಿಗೂ ರೇಗಿತು. "ನಾನು ತಪ್ಪು ಮಾಡಿದ್ದು ಎಲ್ಲರ ಕಣ್ಣೆದುರಿಗೆ ಕಣೇ. ನಿನ್ನ ಹಾಗೆ ಸೀರೆ ಬದಲಾಯಿಸ್ಕೊಂಡು ಕದ್ದು ಹೋಗಿ ಮೇಲ್ವಿಚಾರಕನ ಕಿವಿ ಊದಲಿಲ್ಲ."

ಪುಟ್ಟಿ ತಾಯಿಯ ಕೈಯಿಂದ ಹತ್ತಿಯನ್ನು ತೆಗೆದುಕೊಂಡು, ತಾನೇ ಗಾಯ ಒರೆಸಿಕೊಂಡಳು.

"ನೀನಾ ಅಮ್ಮ?"

"ಹೂಂ."

"ನಾನು ಜೊತೆ ಗಾಡಿ ಓಡಿಸೋ ಹುಡುಗರನ್ನ ಬಾಯಿಗೆ ಬಂದ ಹಾಗೆ ಬೈದೆ. ಅವರ ಜೊತೆ ಮಾತು ಬಿಟ್ಟೆ. ನೀನು ಇಲ್ಲೇ ಕೂತು ನಂಗೆ ಅನ್ನ ಬಡಿಸ್ತಿದ್ದೆ."

"ನಿಮ್ಮ ಮಾವನ ಕೈ ನಾನು ನೋಡಿದ್ದೆ ಪುಟ್ಟಿ. ಕೊನೇಗೆ ನಾನೇ ತಿನ್ನಿಸ್ತಿದ್ದೆ. ನಂಗೆ ಬೇರೆ ದಾರಿ ಕಾಣಲಿಲ್ಲ."

"ನನ್ನ ಹತ್ರ ಹೇಳೋದು ಒಂದು ದಾರಿ ಇತ್ತು," ಎಂದು ಪುಟ್ಟಿ ಎದ್ದುಹೋದಳು.

ಎರಡು ದಿನ ಅವಳು ತಾಯಿಯ ಜೊತೆ ಮಾತಾಡಲಿಲ್ಲ. ಅತ್ತೆ ಸೊಸೆಯರೂ ಮುಖ ಊದಿಸಿಕೊಂಡಿದ್ದರು. ಅಪ್ಪ ಬೇಳೆಯ ಪಾತ್ರೆ ಹಿಡಿದು ಒಬ್ಬೊಬ್ಬರ ಬಳಿಗೂ ಹೋಗಿ ಬಡಿಸಿ ಬಂದ. ಮೂರನೆಯ ದಿನ ಮಧ್ಯಾಹ್ನ ಅಜ್ಜಿ ಹೊಲಿಗೆ ಯಂತ್ರದ ಪಕ್ಕ ಬಂದು ನಿಂತಳು. ಕೈಯಲ್ಲಿ ತಿರುಚಿಕೊಂಡ ಹಳೆಯ ಬುಷ್ ಇತ್ತು.

"ಗಟ್ಟಿ ಮಾಡಿದ್ರೆ ನಡುಕ ಕೈಗೆ ದಾಟುತ್ತೆ. ಮೆತ್ತಗೆ ಮಾಡಿದ್ರೆ ತಿರುಚುತ್ತೆ," ಎಂದಳು, ಗೋಡೆಗೆ ಹೇಳುವವಳಂತೆ. "ಕಾರ್ಖಾನೇಲಿ ನಡುವೆ ದಪ್ಪ ಬಟ್ಟೆ ಇಟ್ಟು ಒತ್ತುತ್ತಿದ್ವಿ. ಅಂಥ ಬಟ್ಟೆ ಈಗ ಎಲ್ಲಿ ಸಿಗುತ್ತೋ."

ಟೈಲರಮ್ಮ ಯಂತ್ರ ನಿಲ್ಲಿಸಿದಳು. ಬುಷ್ ಅನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುವಿದಳು. ಕಾಲರ್ ಬಾಗದಂತೆ ಒಳಗೆ ಕೂರಿಸುವ ಪಟ್ಟಿಯ ನೆನಪಾಯಿತು. ಅಲ್ಲೂ ಇದೇ ಕಥೆ: ಮೇಲಿನ ಬಟ್ಟೆ ಮೆತ್ತಗಿರಬೇಕು, ಆಕಾರ ಮಾತ್ರ ಬಿಡಬಾರದು. ಎದ್ದು, ಶಾಲೆ ಚೀಲಕ್ಕೆಂದು ಇಟ್ಟಿದ್ದ ಕ್ಯಾನ್ವಾಸ್ ಸುರುಳಿಯನ್ನು ಎಳೆದಳು.

"ಇದು ಆಗುತ್ತಾ ನೋಡಿ."

ಅಜ್ಜಿ ಬಟ್ಟೆಯನ್ನು ಹೆಬ್ಬೆರಳಲ್ಲಿ ಉಜ್ಜಿದಳು, ಎಳೆದಳು. "ಎಳೆ ಒಂದೇ ದಿಕ್ಕಿಗೆ ಬಂದ್ರೆ ಆ ಕಡೆ ಹರಿಯುತ್ತೆ."

"ಅದು ನಂಗೆ ಗೊತ್ತಿಲ್ವಾ? ಒಂದು ಉದ್ದಕ್ಕೆ, ಒಂದು ಅಡ್ಡಕ್ಕೆ, ಒಂದು ಓರೆಗೆ. ಎಷ್ಟು ಅಗಲ ಬೇಕು ಹೇಳಿ."

ಅವತ್ತು ಸಂಜೆಯವರೆಗೆ ಇಬ್ಬರೂ ಕೂತು ಕ್ಯಾನ್ವಾಸಿನ ದುಂಡು ತುಂಡುಗಳನ್ನು ಕತ್ತರಿಸಿದರು. ನಡುವೆ ಬೋಲ್ಟು ಹೋಗಲು ತೂತು. ಒಂದೊಂದು ತುಂಡಿಗೂ ಜಗಳ. "ಅರ್ಧ ನೂಲು ಜಾಸ್ತಿ," "ಕನ್ನಡಕ ಹಾಕ್ಕೊಂಡು ನೋಡಿ ಅತ್ತೆ." ಪುಟ್ಟಿ ಕೆಲಸದಿಂದ ಬಂದು ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದು, ಇಬ್ಬರಿಗೂ ಚಹಾ ಮಾಡಿ ತಂದಿಟ್ಟಳು. ತಾಯಿಯ ಲೋಟಕ್ಕೆ ಸಕ್ಕರೆ ಹಾಕಿರಲಿಲ್ಲ. ಟೈಲರಮ್ಮ ಅದನ್ನು ಕೇಳಲಿಲ್ಲ, ಹಾಗೇ ಕುಡಿದಳು.

ಆ ತುಂಡುಗಳನ್ನು ರಬ್ಬರಿನ ನಡುವೆ ಇಟ್ಟು ವರ್ಕ್‌ಶಾಪಿನಲ್ಲಿ ಒತ್ತಿದ ಹೊಸ ಬುಷ್‌ಗಳನ್ನು ಹಾಕಿಕೊಂಡು ಪುಟ್ಟಿ ಮೈದಾನದಲ್ಲಿ ಮೂವತ್ತು ಸುತ್ತು ಹೊಡೆದಳು. ಕಲ್ಲು ರಾಶಿಯ ಮೇಲೇ ಹತ್ತಿಸಿ ಇಳಿಸಿದಳು. ಹ್ಯಾಂಡಲ್ ಅಲುಗಲಿಲ್ಲ. ಮೆಕ್ಯಾನಿಕ್ ಬಂದು, ಬೋಲ್ಟುಗಳನ್ನು ಬಿಚ್ಚಿ, ನೋಡಿ, ಮತ್ತೆ ಬಿಗಿದು, "ಯಾವ ಕಂಪನಿದು ಇದು?" ಎಂದ. "ಮನೆ ಕಂಪನಿ," ಎಂದಳು ಅಜ್ಜಿ.

ಆದರೂ ಮೇಲ್ವಿಚಾರಕ ಕೀ ಕೊಡಲು ಹಿಂದೇಟು ಹಾಕಿದ. ಸರ್ಟಿಫಿಕೇಟು ಸರಿ, ಮೆಕ್ಯಾನಿಕ್ ಮಾತೂ ಸರಿ, ಆದರೆ ಮನೆಯವರೇ ಬಂದು ಬೇಡ ಎಂದಿದ್ದಾರಲ್ಲ ಎಂಬುದು ಅವನ ಅನುಮಾನ. ಇದನ್ನು ಪುಟ್ಟಿಯೇ ಮನೆಗೆ ಬಂದು ಹೇಳಿದಳು. ಹೇಳುವಾಗ ತಾಯಿಯ ಕಡೆ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಟೈಲರಮ್ಮ ಮತ್ತೆ ಸೀರೆ ಬದಲಿಸಿದಳು. ಈ ಸಲ ಎಲ್ಲರಿಗೂ ಕೇಳುವ ಹಾಗೆ, "ನಾನು ಆಸ್ಪತ್ರೆಗೆ ಹೋಗಿ ಬರ್ತೀನಿ," ಎಂದು ಹೇಳಿಯೇ ಹೊರಟಳು.

ನೇರ ಮೇಲ್ವಿಚಾರಕನ ಎದುರು ಹೋಗಿ ನಿಂತಳು. "ಸಾರ್, ಅವತ್ತು ಬಂದು ಹೇಳಿದ್ದು ನಾನೇ. ನಂಗೆ ಹೆದರಿಕೆ ಆಗಿತ್ತು. ಹೆದರಿಕೆ ಸುಳ್ಳು ಅಂತ ಡಾಕ್ಟರು ಹೇಳಿದ್ದಾರೆ, ಗಾಡಿ ಸರಿ ಇದೆ ಅಂತ ನಿಮ್ಮ ಮೆಕ್ಯಾನಿಕ್ ಹೇಳಿದ್ದಾನೆ. ಇನ್ನು ಬೇಡ ಅನ್ನೋಕೆ ನಾನು ಯಾರು? ಅವಳ ಕೆಲಸ ಅವಳಿಗೆ ಕೊಡಿ."

"ನಾಳೆ ಏನಾದ್ರೂ ಆದ್ರೆ ನನ್ನ ಮೇಲೆ ಬರಬಾರದು ಅಮ್ಮ."

"ಆಗಬಾರದು ಅಂತ ನಾನೂ ದಿನಾ ಬೇಡ್ಕೋತೀನಿ. ಆದ್ರೆ ಮೇಲಿನ ಹಳ್ಳಿಯೋರಿಗೂ ಮನೆ ಮಠ ಇದೆಯಲ್ಲ ಸಾರ್. ಅವರಿಗೆ ಔಷಧಿ ಯಾರು ಒಯ್ಯೋದು?"

ಅವನು ಹಾಳೆಗಳನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಖಾನೆ ಎಳೆದು, ಕೀ ತೆಗೆದು ಮೇಜಿನ ಮೇಲಿಟ್ಟ. "ನಾಳೆ ಒಂದು ದಿನ ಪೂರ್ತಿ ದಾರಿ ಹೋಗಿ ಬರಲಿ. ಬಂದ ತಕ್ಷಣ ಡಾಕ್ಟರು ಕೈ ನೋಡಲಿ. ಆಮೇಲೆ ನೋಡೋಣ."

ಆ ಮರುದಿನ ಮನೆಯಲ್ಲಿ ಯಾರ ಕೆಲಸವೂ ನೆಟ್ಟಗೆ ಸಾಗಲಿಲ್ಲ. ಟೈಲರಮ್ಮ ಒಂದು ಅಂಗಿಗೆ ಎರಡೂ ಎಡಗಡೆಯ ತೋಳನ್ನೇ ಹಚ್ಚಿದಳು. ಪುಟ್ಟಿ ನಾಲ್ಕಕ್ಕೆ ಬರಬೇಕಿತ್ತು. ನಾಲ್ಕೂವರೆಯಾಯಿತು. ಐದಾಯಿತು. ಅಪ್ಪ ಬೀದಿಯ ತಿರುವಿನವರೆಗೆ ಹೋಗಿ ಹೋಗಿ ಬಂದ. ಅಜ್ಜಿ ಮೆಟ್ಟಿಲ ಮೇಲೆ ಕೂತು, "ಬೋಲ್ಟು ನಾನೇ ನೋಡಿದ್ದೆ, ನಾನೇ ನೋಡಿದ್ದೆ," ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಟೈಲರಮ್ಮ ಬಂದು ಅತ್ತೆಯ ಪಕ್ಕದಲ್ಲಿ ಕೂತಳು. "ನೀವು ನೋಡಿದ ಮೇಲೆ ಏನೂ ಆಗಲ್ಲ ಬಿಡಿ," ಎಂದಳು. ಮದುವೆಯಾಗಿ ಬಂದ ಇಷ್ಟು ವರ್ಷದಲ್ಲಿ ಅವಳು ಅತ್ತೆಗೆ ಅಂಥ ಮಾತು ಹೇಳಿದ್ದು ಅದೇ ಮೊದಲು.

ಐದೂ ಇಪ್ಪತ್ತಕ್ಕೆ ಇಂಜಿನ್ನಿನ ಸದ್ದು ಕೇಳಿಸಿತು.

ಪುಟ್ಟಿ ಹೆಲ್ಮೆಟ್ ತೆಗೆದಳು. ಮುಖದ ತುಂಬ ಕೆಂಪು ಧೂಳು, ಹಲ್ಲು ಮಾತ್ರ ಬಿಳಿ. "ಎಂಟೂ ಹಳ್ಳಿ ಆಯ್ತು! ಡಾಕ್ಟರ ಹತ್ರ ಸಾಲಿತ್ತು, ಅದಕ್ಕೇ ತಡ. ಕೈ ನೋಡಿ, ಚೀಟೀಲಿ 'ಅಡ್ಡಿ ಇಲ್ಲ' ಅಂತ ಬರೆದ್ರು. ಕೀ ನನ್ನ ಹತ್ರಾನೇ ಇದೆ. ಅಜ್ಜಿ, ಇನ್ನೂ ಎರಡು ಗಾಡಿಗೆ ಇಂಥದೇ ಬೇಕಂತೆ. ಮೇಲ್ವಿಚಾರಕರೇ ಕೇಳಿದ್ರು."

"ಬರಲಿ ಬರಲಿ. ಕ್ಯಾನ್ವಾಸಿಗೆ ಇವಳನ್ನ ಕೇಳ್ಬೇಕು," ಎಂದು ಅಜ್ಜಿ ಸೊಸೆಯ ಕಡೆ ಗದ್ದ ಆಡಿಸಿದಳು.

ಪುಟ್ಟಿ ತಾಯಿಯ ಎದುರು ನಿಂತಳು. "ನೀನು ನೆನ್ನೆ ಏನು ಮಾತಾಡಿದೆ ಅಂತಾನೂ ಹೇಳಿದ್ರು. ಆದ್ರೆ ಮೊದಲನೇ ಸಲ ಕದ್ದು ಹೋಗಿದ್ದನ್ನ ನಾನು ಅಷ್ಟು ಬೇಗ ಮರೆಯಲ್ಲ ಅಮ್ಮ."

"ಮರೀಬೇಡ. ಆದ್ರೆ ಒಳಗೆ ಬಾ."

ಅಷ್ಟರಲ್ಲಿ ಅಪ್ಪ ಮಗಳ ಬಲಗೈ ಹಿಡಿದುಕೊಂಡು ಒಂದೊಂದೇ ಬೆರಳಿನ ತುದಿ ಹಿಸುಕತೊಡಗಿದ್ದ. ದಿನಾ ಬೆಳಗಿನಿಂದ ಹಿಟ್ಟು ನಾದುವ ಕೈ ಅದು. "ಇದು ಗೊತ್ತಾಗುತ್ತಾ? ಇದು? ಇದು?"

"ಅಯ್ಯೋ ಅಪ್ಪ, ಬಿಡಪ್ಪ! ನೋಯ್ತಿದೆ!"

"ನೋಯ್ತಿದೆಯಂತೆ!" ಎಂದು ಟೈಲರಮ್ಮ ನಗುತ್ತಾ ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಅತ್ತೆ, ಕೇಳಿದ್ರಾ? ನೋಯ್ತಿದೆಯಂತೆ!"

ಎದುರು ಮನೆಯ ಕಿಟಕಿ ತೆರೆಯಿತು. ಮಗಳಿಗೆ ನೋವಾಯಿತೆಂದು ಒಬ್ಬ ತಾಯಿ ಹೀಗೆ ನಗುವುದನ್ನು ಆ ಬೀದಿಯವರು ಎಂದೂ ಕಂಡಿರಲಿಲ್ಲ.